ಅಕ್ಕನಿಗೆ ಹೇಳಿದ ಧಾರಾವಾಹಿ

"ಹೆಣೆ, ಬೇಗ ಟಿವಿ ಹಾಕ್! ನಮ್ ಹೆಣ್ಣ್ ಬತ್ತಾ ಇತ್ತ್ ಕಾಣ್!"

ಬೈಂದೂರಿನಿಂದ ಅಕ್ಕನ ಫೋನು. ನಾನು ಊಟ ಮುಗಿಸಿ ಸುಮ್ಮನೆ ಕುಳಿತಿದ್ದೆ. ಗಂಡ ಹೋದ ಮೇಲೆ ತಲ್ಲೂರಿನ ಈ ಮನೆಯಲ್ಲಿ ಮಧ್ಯಾಹ್ನ ಬೇಗ ಮುಗಿಯುವುದಿಲ್ಲ. ಮಂಡಿನೋವು ಹೆಚ್ಚಾದ ಮೇಲೆ ಗೇರುಬೀಜದ ಕಾರ್ಖಾನೆಗೂ ಹೋಗುತ್ತಿಲ್ಲ. ಅಕ್ಕ ಹೇಳಿದ ಚಾನೆಲ್ ಹುಡುಕಿದೆ. ಮಂಡಿಗೆ ಹಚ್ಚುವ ಎಣ್ಣೆ, ಅದೃಷ್ಟದ ಉಂಗುರ, ಇವುಗಳ ಜಾಹೀರಾತಿನ ನಡುವೆ ಯಾರಿಗೂ ಬೇಡವಾದ ಹಳೆಯ ಧಾರಾವಾಹಿಗಳನ್ನು ಹಾಕುವ ಚಾನೆಲ್ ಅದು. ಚಿತ್ರ ಮಸುಕಾಗಿತ್ತು. ಈಗಿನ ಅಗಲದ ಟಿವಿಯಲ್ಲಿ ಎಲ್ಲರ ಮುಖವೂ ಉಬ್ಬಿದಂತೆ ಕಾಣುತ್ತಿತ್ತು. ಆದರೂ ಅವಳ ಗುರುತು ಸಿಕ್ಕಿತು.

"ನೀ ಉದ್ದ ಜಡೆ ಅಂದಿದ್ದೆ ಅಲ್ದಾ? ಇದ್ ಇಲಿ ಬಾಲ ಮಾರಾಯ್ತಿ! ಹಸ್ರ್ ಸೀರೆ ಅಂದಿದ್ದೆ. ಇಲ್ ಕಂಡ್ರೆ ನೀಲಿ!" ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

ನಾನೂ ನಕ್ಕೆ. ನನ್ನ ನಗು ಬೇಗ ನಿಂತಿತು. ಯಾಕೆಂದರೆ ಅಕ್ಕ ಆ ಧಾರಾವಾಹಿಯನ್ನು ಆಗ ಒಂದು ದಿನವೂ ನೋಡಿದವಳಲ್ಲ; ಈಗ ಅದರ ಹೆಸರು ಕಂಡು ಗುರುತು ಹಿಡಿದಿದ್ದಳು. ಅದರ ಕಥೆಯೆಲ್ಲ ಅವಳಿಗೆ ನಾನು ಹೇಳಿದ್ದು. ನಾನು ಹೇಳಿದ ಕಥೆ ಟಿವಿಯಲ್ಲಿ ಬಂದ ಕಥೆಯಲ್ಲ.

ಆಗ ನಾವು ಕೋಡಿಯಲ್ಲಿದ್ದೆವು. ಅಬ್ಬಿಗೆ, ಅಂದರೆ ನಮ್ಮ ತಾಯಿಗೆ, ಉಬ್ಬಸ ಹೆಚ್ಚಾಗಿ ಮೀನಿನ ಬುಟ್ಟಿ ಹೊರಲು ಆಗದೆ ಅದು ಅಕ್ಕನ ತಲೆಗೆ ಬಂದಿತ್ತು. ಅಕ್ಕ ಬೆಳಕು ಹರಿಯುವ ಹೊತ್ತಿಗೆ ಬಂದರಿನಲ್ಲಿ ಮೀನು ಕೊಂಡು, ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ, ಮನೆ ಮನೆ ತಿರುಗಿ ಸಂಜೆಗೆ ಬರುತ್ತಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಮನೆಯಲ್ಲಿರುತ್ತಿದ್ದೆ. ಅಂಗಳದಲ್ಲಿ ಒಣಗಲು ಹಾಕಿದ ಮೀನನ್ನು ಕಾಗೆಯಿಂದ ಕಾಯುವುದು ನನ್ನ ಕೆಲಸ. ಮುಂಬೈಯ ಹೋಟೆಲಿನಲ್ಲಿದ್ದ ಮಾವ ತಂದುಕೊಟ್ಟ ಕಪ್ಪುಬಿಳುಪು ಟಿವಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು, ಕೈಯಲ್ಲಿ ಕೋಲು ಹಿಡಿದು ಹೊಸ್ತಿಲ ಮೇಲೆ ಕೂರುತ್ತಿದ್ದೆ. ಒಂದು ಕಣ್ಣು ಮೀನಿನ ಮೇಲೆ, ಒಂದು ಕಣ್ಣು ಧಾರಾವಾಹಿಯ ಮೇಲೆ. ಟಿವಿಯಲ್ಲಿ ಯಾರಾದರೂ ಅಳಲು ಶುರು ಮಾಡಿದರೆ ಕಾಗೆಗಳಿಗೆ ಹಬ್ಬ. ಅವುಗಳಿಗೂ ಅದು ತಿಳಿದಿತ್ತೇನೋ.

ಸಂಜೆ ಅಕ್ಕ ಬಂದು, ಮಿಂದು, ಹುಣಸೆಹಣ್ಣು ಹಾಕಿ ಕೈ ತಿಕ್ಕಿಕೊಂಡು ಗಂಜಿಯ ಬಟ್ಟಲಿನೊಂದಿಗೆ ಜಗಲಿಯಲ್ಲಿ ಕೂರುತ್ತಿದ್ದಳು. "ಹ್ಞಾಂ, ಹೇಳ್ ಕಾಂಬ. ನಮ್ ಹೆಣ್ಣ್ ಇವತ್ ಎಂತ ಮಾಡ್ತ್?"

ಧಾರಾವಾಹಿಯ ಸೊಸೆಗೆ ಅವಳು ಇಟ್ಟ ಹೆಸರು ಅದು, ನಮ್ಮ ಹೆಣ್ಣು. ನಾನು ಅತ್ತೆಯ ಧ್ವನಿಯಲ್ಲಿ ಬೈಯುತ್ತಿದ್ದೆ, ಸೊಸೆಯ ಧ್ವನಿಯಲ್ಲಿ ಅಳುತ್ತಿದ್ದೆ, ಗಂಡ ಮಾತಾಡದೆ ನಿಂತದ್ದನ್ನು ನಿಂತೇ ತೋರಿಸುತ್ತಿದ್ದೆ. ಟಿವಿಯಲ್ಲಿ ಇಲ್ಲದ ಬಣ್ಣವನ್ನೂ ಸೇರಿಸುತ್ತಿದ್ದೆ. ಹಸಿರು ಸೀರೆ, ಕೆಂಪು ಅಂಚು. ಸಿಟ್ಟು ಬಂದಾಗ ಅಕ್ಕ ಗಂಜಿ ಉಣ್ಣುವುದನ್ನು ನಿಲ್ಲಿಸಿ, "ಆ ಮುದ್ಕಿಗೆ ಕೊಳ್ತ್ ಮೀನ್ ಕೊಡ್ಕ್!" ಎನ್ನುತ್ತಿದ್ದಳು. ಅಬ್ಬಿ ಒಳಗಿನಿಂದ, "ಅದ್ ಎಲ್ಲಿಯದ್ದೋ ಹೆಂಗ್ಸ್. ನೀ ಮೊದ್ಲ್ ಉಣ್ಣ್" ಎಂದು ಗೊಣಗುತ್ತಿತ್ತು. ಅಷ್ಟು ಹೊತ್ತು ನಮ್ಮ ಮನೆಯಲ್ಲಿ ನಾನೇ ದೊಡ್ಡವಳು.

ಕಥೆ ಮುಂದೆ ಹೋಯಿತು. ಆ ಸೊಸೆ ಒಂದು ಚೀಲ ಹಿಡಿದು ಗಂಡನ ಮನೆ ಬಿಟ್ಟಳು. ಪೇಟೆಯಲ್ಲಿ ಕೋಣೆ ಹಿಡಿದು ಹೊಲಿಗೆ ಯಂತ್ರ ಇಟ್ಟಳು. ಅದನ್ನು ಹೇಳಿದ ಸಂಜೆ ಅಕ್ಕ ಬಟ್ಟಲು ಕೆಳಗಿಟ್ಟು ಒಳಗೆ ಹೋದಳು.

"ಅಬ್ಬಿ, ನಾನೂ ಹೊಲಿಗೆ ಕಲಿಯುಕೆ ಹೋತೆ."

ಕುಂದಾಪುರದಲ್ಲಿ ಅವಳು ಮೀನು ಕೊಡುತ್ತಿದ್ದ ಮನೆಯ ಹೆಂಗಸೊಬ್ಬರು ಹೊಲಿಗೆ ಕಲಿಸುತ್ತಿದ್ದರು. ಅಕ್ಕ ಕೈಯಲ್ಲೇ ಹೊಲಿದುಕೊಂಡ ರವಿಕೆ ನೋಡಿ, ಬೆಳಗಿನ ಹೊತ್ತು ಬರುವುದಾದರೆ ಕಲಿಸುತ್ತೇನೆ ಎಂದಿದ್ದರಂತೆ.

"ಕಲಿ," ಎಂದಿತು ಅಬ್ಬಿ. "ಬುಟ್ಟಿ ತಂಗಿ ಹೊರ್ಲಿ."

ಅಕ್ಕ ನನ್ನನ್ನು ನೋಡಿದಳು. "ಹೊರ್ತ್ಯಾ ಹೆಣೆ? ಮಳೆಗಾಲ ಕಳ್ದ್ ಮೇಲೆ?"

ನಾನು ತಲೆಯಾಡಿಸಿದೆ. ಆದರೆ ನನಗೆ ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮೀನಿನ ಹೆಂಗಸರನ್ನು ಹಿಂದೆ ಹಿಂದೆ ಎಂದು ತಳ್ಳುವುದನ್ನು ನೋಡಿದ್ದೆ. ನನ್ನ ಜೊತೆ ಓದಿದ ಹುಡುಗಿಯರು ಅದೇ ಬಸ್ಸಿನಲ್ಲಿ ಪುಸ್ತಕ ಹಿಡಿದು ಹೋಗುತ್ತಿದ್ದರು. ಅವರ ಮುಂದೆ ನೀರು ಸೋರುವ ಬುಟ್ಟಿ ಹಿಡಿದು ನಿಲ್ಲುವುದನ್ನು ನೆನೆದರೆ ಅಳು ಬರುತ್ತಿತ್ತು. ಆಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದರೆ ಅಕ್ಕ ಎರಡು ಮಾತು ಬೈದು ಸುಮ್ಮನಾಗುತ್ತಿದ್ದಳು. ಅಷ್ಟು ಧೈರ್ಯ ನನಗೆ ಇರಲಿಲ್ಲ. ಅದನ್ನು ಧಾರಾವಾಹಿಯ ಬಾಯಿಯಿಂದ ಹೇಳಿಸಿದೆ.

ಮೊದಲು ಯಂತ್ರ ಹಾಳಾಯಿತು ಎಂದೆ. ಆಮೇಲೆ ಕೊಟ್ಟ ಬಟ್ಟೆ ಕೆಟ್ಟಿತೆಂದು ಜನ ಜಗಳಕ್ಕೆ ಬಂದರು ಎಂದೆ. ಟಿವಿಯಲ್ಲಿ ಆ ಹೆಣ್ಣು ದಿನದಿನಕ್ಕೆ ಮೇಲೆ ಬರುತ್ತಿದ್ದಳು. ನಮ್ಮ ಜಗಲಿಯಲ್ಲಿ ದಿನದಿನಕ್ಕೆ ಕೆಳಗಿಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಸ್ವಂತ ಅಂಗಡಿ ತೆರೆದಳು. ಬಾಗಿಲಿಗೆ ಹೂವಿನ ಮಾಲೆ ಕಟ್ಟಿದ್ದರು. ಅವಳು ಒಳಗೆ ಹೋಗಿ ಕುರ್ಚಿಯಲ್ಲಿ ಕೂರದೆ ಅದರ ಬೆನ್ನನ್ನು ಸವರಿದಳು. ನನಗೇ ಕಣ್ಣು ತುಂಬಿ, ಕಾಗೆ ಮೀನು ಎತ್ತಿಕೊಂಡು ಹೋದದ್ದು ತಿಳಿಯಲಿಲ್ಲ. ಅದೇ ಸಂಜೆ ನಾನು ಅಕ್ಕನಿಗೆ ಹೇಳಿದೆ: "ಅದ್ ವಾಪಾಸ್ ಬಂತ್ ಅಕ್ಕ. ಅತ್ತೆ ಕಾಲಿಗೆ ಬಿತ್ತ್."

"ಬಿತ್ತಾ?"

"ಬಿತ್ತ್. ಅತ್ತೆ, ಒಳ್ಗ್ ಬಾ, ಪಾತ್ರೆ ತೊಳಿ ಅಂತ್."

ಅಕ್ಕ ಬಟ್ಟಲಿನ ಗಂಜಿಯನ್ನು ಬೆರಳಿನಿಂದ ತಿರುವುತ್ತ ಕುಳಿತಳು. ಅವಳು ಅತ್ತಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಏನೋ. ಅವಳು ಅಳಲಿಲ್ಲ. "ಟಿವಿಯೊಳ್ಗೇ ಹೀಂಗಾರೆ ನಮ್ದ್ ಎಂತ ಕತಿ ಮಾರಾಯ್ತಿ" ಎಂದು ಸಣ್ಣಗೆ ನಕ್ಕು ಬಟ್ಟಲು ತೊಳೆಯಲು ಎದ್ದಳು. ಆಮೇಲೆ ನಮ್ಮ ಮನೆಯಲ್ಲಿ ಹೊಲಿಗೆಯ ಮಾತು ಬರಲಿಲ್ಲ. ಮಳೆಗಾಲ ಕಳೆಯಿತು. ಬುಟ್ಟಿ ಅವಳ ತಲೆಯಲ್ಲೇ ಉಳಿಯಿತು.

ಒಂದು ಕಥೆ ಕೇಳಿ ಯಾರಾದರೂ ಬದುಕು ಬದಲಾಯಿಸುತ್ತಾರೆಯೇ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಬ್ಬಿಯ ಉಬ್ಬಸ ಇತ್ತು, ಮನೆಯ ಕಷ್ಟ ಇತ್ತು. ಅದೆಲ್ಲ ನಿಜ. ಆದರೆ ಅವಳು ಬಟ್ಟಲು ಹಿಡಿದು ಎದ್ದದ್ದನ್ನು ನೋಡಿದವಳು ನಾನು.

ಸುಳ್ಳನ್ನು ಸಾಕುವುದೂ ಸುಲಭದ ಕೆಲಸವಾಗಿರಲಿಲ್ಲ. ಮಧ್ಯಾಹ್ನ ಟಿವಿಯಲ್ಲಿ ಒಂದು ಕಥೆ, ಸಂಜೆ ಜಗಲಿಯಲ್ಲಿ ಇನ್ನೊಂದು. ನನ್ನ ಕಥೆಯಲ್ಲಿ ನಿನ್ನೆ ಏನಾಗಿತ್ತು ಎಂಬುದನ್ನೇ ಹೆಚ್ಚು ನೆನಪಿಡಬೇಕಾಗಿತ್ತು. ಮಳೆಯ ಒಂದು ದಿನ ಅಕ್ಕ ಹೋಗದೆ ಮನೆಯಲ್ಲೇ ಉಳಿದು, "ಇವತ್ ನಾನೂ ಕಾಂತೆ" ಎಂದಾಗ ನಾನು ಹಿಂದಿನಿಂದ ಹೋಗಿ ಆಂಟೆನಾದ ವಯರು ಕಿತ್ತೆ. ಅವಳು ತಲೆಗೆ ಗೋಣಿ ಹೊದ್ದುಕೊಂಡು ಮಳೆಯಲ್ಲಿ ಆಂಟೆನಾ ತಿರುಗಿಸಿದಳು.

"ಬಂತಾ?"

"ಇಲ್ಲೆ."

"ಈಗಳ್?"

"ಇಲ್ಲೆ ಅಕ್ಕ."

ಧಾರಾವಾಹಿಯ ಹೊತ್ತು ಕಳೆಯುವವರೆಗೂ ಅವಳು ಮಳೆಯಲ್ಲಿದ್ದಳು.

ಅಕ್ಕ ಬೈಂದೂರಿಗೆ ಮದುವೆಯಾಗಿ ಹೋದಳು. ಅಲ್ಲಿಯೂ ಬುಟ್ಟಿಯೇ. ಕುತ್ತಿಗೆ ಸೋತು ಡಾಕ್ಟರು ಬೇಡವೆಂದ ಮೇಲೆ ಅದನ್ನು ಇಳಿಸಿದಳು. ಬುಟ್ಟಿಯಡಿಗೆ ಸಿಂಬೆ ಇಟ್ಟು ಇಟ್ಟು ನಡುನೆತ್ತಿಯ ಕೂದಲು ಹೋಗಿದೆ. ಈಗ ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಟಿವಿಯ ಮುಂದೆ ಮಲಗಿರುತ್ತಾಳೆ.

ಟಿವಿ ಹಾಕು ಎಂದು ಫೋನು ಮಾಡಿದ ಆ ದಿನದ ನಂತರ ಮಧ್ಯಾಹ್ನ ಧಾರಾವಾಹಿ ಮುಗಿದ ಕೂಡಲೇ ಅವಳ ಫೋನು ಬರುತ್ತಿತ್ತು. ಈಗ ಕಥೆ ಹೇಳುವವಳು ಅವಳು. ಅತ್ತೆಯ ಧ್ವನಿ, ಸೊಸೆಯ ಧ್ವನಿ, ಎಲ್ಲ ಮಾಡಿ ತೋರಿಸುತ್ತಿದ್ದಳು. ನಾನೂ ನೋಡಿದ್ದೇನೆ ಎಂದು ಹೇಳದೆ ಹ್ಞೂಂ ಹ್ಞೂಂ ಎಂದು ಕೇಳುತ್ತಿದ್ದೆ. ನನ್ನ ದಿನದಲ್ಲಿ ಯಾರಾದರೂ ನನ್ನೊಡನೆ ಮಾತಾಡುತ್ತಿದ್ದದ್ದು ಅಷ್ಟೇ ಹೊತ್ತು. ಅದು ಬೇಕಿತ್ತು, ಅದರ ಭಯವೂ ಇತ್ತು.

ಹೊಲಿಗೆ ಯಂತ್ರ ಬಂದ ದಿನ ಅವಳ ಧ್ವನಿ ಇಳಿದಿತ್ತು. "ಪಾಪ, ಎಷ್ಟ್ ಖುಷಿಯಂಗೆ ಇತ್ತ್ ಕಾಣ್ ಅದ್. ಇನ್ನ್ ಮಷಿನ್ ಹಾಳಾಪುದ್ ಅಲ್ದಾ? ನಂಗ್ ಕಾಂಬುಕೆ ಆತ್ತಿಲ್ಲೆ."

ಅಂಗಡಿ ತೆರೆಯುವುದನ್ನು ಅವಳು ಟಿವಿಯಲ್ಲಿ ನೋಡಿ ತಿಳಿಯುವ ಮೊದಲು ನಾನೇ ಎದುರು ಕುಳಿತು ಹೇಳಬೇಕು ಅನ್ನಿಸಿತು. ಮಾರನೆಯ ದಿನ ಬೈಂದೂರಿನ ಬಸ್ಸು ಹತ್ತಿದೆ. ಮರವಂತೆ ದಾಟುವವರೆಗೂ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಅಕ್ಕ ಬಂಗುಡೆ ಸಾರು ಮಾಡಿ ಕಾಯುತ್ತಿದ್ದಳು. ಉಂಡು ಇಬ್ಬರೂ ಟಿವಿಯ ಮುಂದೆ ಕುಳಿತೆವು. ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಒಬ್ಬ ಗಂಡಸು ಬಂದು ತಳ ಹಿಡಿಯದ ಬಾಣಲೆ ತೋರಿಸಲು ಶುರು ಮಾಡಿದ. ದೋಸೆ ಹೊಯ್ದ, ಮೊಟ್ಟೆ ಒಡೆದ. ಜಾಹೀರಾತು ಎಂದುಕೊಂಡೆವು. ಅರ್ಧ ಗಂಟೆಯಾದರೂ ಅವನು ಹೋಗಲಿಲ್ಲ. ಧಾರಾವಾಹಿಯನ್ನು ನಡುವಿನಲ್ಲೇ ನಿಲ್ಲಿಸಿದ್ದರು. ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಯಾರಿಗೆ ಹೇಳುತ್ತಾರೆ? ನಮ್ಮಿಬ್ಬರನ್ನು ಬಿಟ್ಟರೆ ಅದನ್ನು ಯಾರು ನೋಡುತ್ತಿದ್ದರೋ.

"ಹೋಯ್ಲಿ ಬಿಡ್," ಎಂದಳು ಅಕ್ಕ. "ಒಳ್ಳೇದೇ ಆಯ್ತ್. ಅದ್ ಸೋತ್ ವಾಪಾಸ್ ಬಪ್ಪುದ್ ಕಾಂಬುದ್ ಬ್ಯಾಡ."

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನು ಯಾವ ಟಿವಿಯೂ ನನ್ನನ್ನು ಹಿಡಿದುಕೊಡುತ್ತಿರಲಿಲ್ಲ. ಅವಳು ಕುತ್ತಿಗೆಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

"ಅದ್ ಸೋಲ್ಲಿಲ್ಲೆ ಅಕ್ಕ," ಎಂದೆ. "ಅಂಗಡಿ ತೆಗಿತ್. ನಾನ್ ನಿಂಗೆ ಸುಳ್ಳ್ ಹೇಳಿದ್ದ್. ಬುಟ್ಟಿ ಹೊರುಕೆ ನಂಗ್ ನಾಚ್ಕಿ ಆತಿತ್ತ್."

ಅವಳು ನನ್ನ ಕಡೆ ತಿರುಗಲಿಲ್ಲ. ಬಾಣಲೆಯವನನ್ನೇ ನೋಡುತ್ತ ಕೇಳಿದಳು. "ಬಾಗ್ಲಿಗೆ ಹೂ ಕಟ್ಟಿದ್ರಾ?"

"ಕಟ್ಟಿದ್ರ್."

"ಸೀರೆ ಯಾವ್ ಬಣ್ಣ?"

"ಗೊತ್ತಿಲ್ಲೆ ಅಕ್ಕ. ನಮ್ ಟಿವಿಯೊಳ್ಗೆ ಬಣ್ಣ ಎಲ್ಲಿತ್ತ್?"

ಅಕ್ಕ ರಿಮೋಟು ಹುಡುಕಿ ಟಿವಿ ಆರಿಸಿದಳು. "ನಿನ್ ಬಸ್ಸ್ ಎಷ್ಟ್ ಗಂಟಿಗೆ?" ಎಂದಳು.

ಆಮೇಲೆ ಮಧ್ಯಾಹ್ನದ ಫೋನು ನಿಂತಿತು. ಸಂಜೆ ನಾನು ಮಾಡಿದರೆ ಮಕ್ಕಳು ಎತ್ತಿ, ಅಮ್ಮ ಮಲಗಿದ್ದಾಳೆ ಎನ್ನುತ್ತಿದ್ದರು. ಮಳೆ ಬಂತು, ಹೋಯಿತು. ಮೊನ್ನೆ ನಾನು ಅನ್ನ ಬಸಿಯುತ್ತಿದ್ದಾಗ ಫೋನು ಬಂತು. ಅಕ್ಕನೇ. ಉಂಡೆಯಾ ಎಂದೂ ಕೇಳಲಿಲ್ಲ.

"ಅಂಗಡಿ ತೆಗ್ದ್ ಮೇಲೆ ಅದ್ ಎಂತ ಮಾಡ್ತ್? ಸಮಾ ಹೇಳ್ ಕಾಂಬ."

ಬಾಯಿ ತೆರೆದೆ. ಪಾತ್ರೆ ತೊಳೆಯುವ ಸೊಸೆ ನೆನಪಿದ್ದಳು. ಅತ್ತೆ ಅವಳಿಗೆ ತಂಗಳು ಬಡಿಸಿದ್ದು, ಅವಳು ಬಾವಿಕಟ್ಟೆಯಲ್ಲಿ ಕುಳಿತು ಅತ್ತದ್ದು, ಎಲ್ಲ ನೆನಪಿತ್ತು. ಎಲ್ಲವೂ ನಾನು ಕಟ್ಟಿದ್ದು. ಅಂಗಡಿಯ ಹೆಣ್ಣು ಕುರ್ಚಿಯ ಬೆನ್ನು ಸವರಿದ ಮೇಲೆ ಏನು ಮಾಡಿದಳು ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

"ನೆನಪಿಲ್ಲೆ ಅಕ್ಕ."

"ನೆನಪಾರೆ ಫೋನ್ ಮಾಡ್" ಎಂದು ಅಕ್ಕ ಫೋನು ಇಟ್ಟಳು.

ಅಂದಿನಿಂದ ಉಂಡ ಮೇಲೆ ರಿಮೋಟು ಹಿಡಿದು ಒಂದೊಂದೇ ಚಾನೆಲ್ ನೋಡುತ್ತಾ ಹೋಗುತ್ತೇನೆ. ಎಣ್ಣೆ, ಉಂಗುರ, ಬಾಣಲೆ. ಎಲ್ಲಾದರೂ ಮತ್ತೆ ಹಾಕಿಯಾರು. ಈ ಸಲ ಬಣ್ಣವನ್ನೂ ಸರಿಯಾಗಿ ನೋಡಿಟ್ಟುಕೊಳ್ಳಬೇಕು.