ತಂಗಳು ನೀರು

ತಿರುಮಲಮ್ಮನ ಮನೆಯಲ್ಲಿ ನೀರು ಬರುವ ದಿನವೆಂದರೆ ನೀರು ಹೋಗುವ ದಿನವೂ ಹೌದು. ಮಳವಳ್ಳಿಯ ಆ ಇಳಿಜಾರು ಬೀದಿಗೆ ಮೂರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಬೆಳಗಿನ ಕಾಫಿ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತದೆ. ಬೇರೆ ಮನೆಗಳವರು ಆಗ ಇದ್ದಬದ್ದ ಪಾತ್ರೆಗಳನ್ನೆಲ್ಲ ನಲ್ಲಿಯ ಮುಂದೆ ತಂದಿಡುತ್ತಾರೆ. ತಿರುಮಲಮ್ಮನಿಗೆ ಮಾತ್ರ ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಹಿಂದಿನ ಸಲ ಹಿಡಿದ ನೀರು ಎಷ್ಟೇ ಉಳಿದಿರಲಿ, ಹಂಡೆಯದು, ಡ್ರಮ್ಮಿನದು, ಅಡಿಗೆಮನೆಯ ಬಿಂದಿಗೆಗಳದು, ಅಷ್ಟನ್ನೂ ತಂದು ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲೆ ಸುರಿಯಬೇಕು. ಸುರಿದು, ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಆಮೇಲೆ ಹೊಸ ನೀರು ಹಿಡಿಯಬೇಕು.

ಒಂದು ರಾತ್ರಿ ಕಳೆದ ಅನ್ನವೇ ತಂಗಳಾದರೆ ಮೂರು ರಾತ್ರಿ ಕಳೆದ ನೀರಿಗೆ ಏನೆನ್ನಬೇಕು? ಇದು ಆಕೆಯ ಪ್ರಶ್ನೆ. ಅತ್ತೆ ಹಾಗೆ ಮಾಡುತ್ತಿದ್ದರು, ಅತ್ತೆಯ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ. ಅವರ ಕಾಲದಲ್ಲಿ ಹಿತ್ತಲಲ್ಲಿ ಬಾವಿಯಿತ್ತು, ಚೆಲ್ಲಿದ ನೀರು ಬಾಳೆಯ ಬುಡಕ್ಕೆ ಹೋಗಿ ಮಣ್ಣಿಗೆ ಇಳಿದು ತಿರುಗಿ ಬಾವಿಗೇ ಸೇರುತ್ತಿತ್ತು ಅನ್ನುವುದನ್ನು ಯಾರೂ ಎತ್ತಿ ಆಡಲಿಲ್ಲ. ಬಾವಿ ಮುಚ್ಚಿಹೋಯಿತು, ಬಾಳೆ ಹೋಯಿತು, ಹಿತ್ತಲಿಗೆಲ್ಲ ಸಿಮೆಂಟು ಬಿತ್ತು. ಚೆಲ್ಲುವ ಕೈ ಮಾತ್ರ ಅತ್ತೆಯಿಂದ ಸೊಸೆಗೆ ಹಾಗೇ ಬಂದಿತ್ತು.

ಹಾಗಂತ ಆಕೆಯನ್ನು ದುಂದುಗಾರ್ತಿ ಅಂದುಕೊಂಡೀರಿ, ನಾಲಿಗೆಗೆ ಪಾಪ ಬಂದೀತು. ಸಾರಿನ ಹುಣಸೆಯನ್ನು ಎರಡು ಸಲ ಹಿಂಡುವ ಹೆಂಗಸು. ಸಂತೆಗೆ ಹೋದರೆ ಕಂಕುಳಲ್ಲಿ ಬಟ್ಟೆಚೀಲ. ಅಪ್ಪಿತಪ್ಪಿ ಮನೆಗೆ ಬಂದ ಪ್ಲಾಸ್ಟಿಕ್ ಕವರನ್ನೂ ಒಗೆದು ಹಗ್ಗಕ್ಕೆ ನೇತುಹಾಕಿ ತಿರುಗಿ ಬಳಸುತ್ತಿದ್ದಳು. ಹಗಲಲ್ಲಿ ಯಾರಾದರೂ ದೀಪ ಹಾಕಿದರೆ ಎದ್ದು ಹೋಗಿ ಆರಿಸುತ್ತಿದ್ದಳು. ಇಂಥವಳು ನೀರಿನ ವಿಷಯಕ್ಕೆ ಬಂದರೆ ಬ್ರಹ್ಮ ಬಂದರೂ ಬಗ್ಗುತ್ತಿರಲಿಲ್ಲ.

ಸೊಸೆ ಮೇಧಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮಕ್ಕಳಿಗೆ ಹೇಳುವ ಪಾಠವನ್ನು ಮನೆಯಲ್ಲಿ ಹೇಳದಿರುವುದು ಹೇಗೆ?

"ಅತ್ತೆ, ಈ ನೀರು ತಾನಾಗಿ ನಡ್ಕೊಂಡು ಬರಲ್ಲ. ಹೊಳೆಯಿಂದ ಎತ್ತಿ, ಸೋಸಿ, ಇಲ್ಲಿವರೆಗೆ ತಳ್ಳೋದಕ್ಕೆ ಎಷ್ಟು ಕರೆಂಟು ಬೇಕು ಗೊತ್ತಾ? ಹೊಳೇಲೂ ನೀರು ಮೊದಲಿನ ಹಾಗಿಲ್ಲ."

"ನಾನೇನು ಟೈರು ಸುಡ್ತೀನೇನೇ? ಭೂಮಿತಾಯಿಗೆ ನೀರು ಬಿಡ್ತೀನಿ. ಅದೂ ತಪ್ಪಾ?"

"ಭೂಮಿಗೆಲ್ಲಿ ಹೋಗತ್ತೆ? ಕಲ್ಲಿನ ಮೇಲೆ ಹರಿದು ಚರಂಡಿ ಸೇರತ್ತೆ."

"ಕಾವೇರಮ್ಮ ಬಾಗಿಲಿಗೆ ಬಂದಾಗ ಒಳಗೆ ತಂಗಳು ಇಟ್ಕೊಂಡು ಬಾ ತಾಯಿ ಅನ್ನಕ್ಕಾಗತ್ತೇನೇ?"

ದೇವಸ್ಥಾನದ ಪೂಜೆ ಮುಗಿಸಿ ಜಗುಲಿಯ ಮೇಲೆ ಪೇಪರು ಹಿಡಿದು ಕೂತಿರುತ್ತಿದ್ದ ಗಂಡ ಶ್ಯಾಮಣ್ಣ ಒಮ್ಮೊಮ್ಮೆ, "ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಗಾದೆ ಇದೆ ಕಣೆ," ಅನ್ನುತ್ತಿದ್ದರು. "ಅಳೆದೇ ಸುರೀತಿದೀನಿ. ಒಂದು ಹಂಡೆ, ಎರಡು ಬಿಂದಿಗೆ. ಲೆಕ್ಕ ಬರ್ಕೊಳ್ಳಿ," ಅನ್ನುವ ಉತ್ತರ ಬಂದ ಮೇಲೆ ಪೇಪರು ಮುಖದವರೆಗೆ ಏರುತ್ತಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಎಲ್ಲಿ ಮಾತು ನಿಲ್ಲಿಸಬೇಕು ಅನ್ನುವುದು ಗೊತ್ತಿರುತ್ತದೆ.

ಬೀದಿ ಇಳಿದು ಮುಗಿಯುವ ಕಡೆ ಆಮಿನಮ್ಮನ ಮನೆ. ಮಗ ನಯಾಜ್ ಪಾಷಾ ಬಸ್‌ಸ್ಟ್ಯಾಂಡಿನ ಹತ್ತಿರ ಬೈಕ್ ಮೆಕ್ಯಾನಿಕ್. ಆಮಿನಮ್ಮ ಹೊಲಿಗೆಯವಳು. ತಿರುಮಲಮ್ಮನ ಕುಪ್ಪಸಗಳನ್ನೆಲ್ಲ ಹೊಲಿದವಳು ಅವಳೇ, ಅಳತೆ ತೆಗೆದುಕೊಳ್ಳುವುದನ್ನು ಬಿಟ್ಟೇ ಎಷ್ಟೋ ಕಾಲವಾಗಿತ್ತು. "ಈ ಸಲ ವಸಿ ಊದ್ಕಂಡಿದ್ದೀರಿ ಅಮ್ಮೋರೇ," ಅಂತ ಕಣ್ಣಲ್ಲೇ ಅಳೆದು ಹೇಳುತ್ತಿದ್ದಳು. ಕುಪ್ಪಸ ಕೊಡುವ ನೆಪದಲ್ಲಿ ಬಂದು ಜಗುಲಿಯ ಮೇಲೆ ಕೂತರೆ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಸೊಸೆಯ ಹತ್ತಿರ ಆಡಲಾಗದ್ದು, ಗಂಡನ ಕಿವಿಗೆ ಹೋಗದ್ದು, ಎಲ್ಲವನ್ನೂ ತಿರುಮಲಮ್ಮ ಆಡುತ್ತಿದ್ದುದು ಆಮಿನಮ್ಮನ ಹತ್ತಿರ. ಇಡೀ ಬೀದಿಯಲ್ಲಿ ಆಕೆಗೆ ಗೆಳತಿ ಅಂತ ಇದ್ದವಳು ಅವಳೊಬ್ಬಳೇ.

ಹಾಗಿದ್ದರೂ ಆಮಿನಮ್ಮನ ಕಾಫಿಗೆ ಒಂದು ಸ್ಟೀಲ್ ಲೋಟ ಬೇರೆ ಇತ್ತು, ಅದಕ್ಕೆ ಜಗುಲಿಯ ಗೂಡೇ ಜಾಗ. ತಿರುಮಲಮ್ಮ ಆಮಿನಮ್ಮನ ಮನೆಯಲ್ಲಿ ಒಂದು ಗುಟುಕು ನೀರು ಕುಡಿದವಳಲ್ಲ. ಇಬ್ಬರೂ ಇದರ ಮಾತೆತ್ತುತ್ತಿರಲಿಲ್ಲ. ಹಬ್ಬಕ್ಕೆ ಇಲ್ಲಿಂದ ಹೋಳಿಗೆ ಹೋಗುತ್ತಿತ್ತು. ಅಲ್ಲಿಂದ, ಅಮ್ಮೋರ ಮಡಿ ಗೊತ್ತಿದ್ದರಿಂದ, ಬರೀ ಹಣ್ಣು ಬರುತ್ತಿತ್ತು.

ನೀರಿನ ಕೊಳವೆ ಬೀದಿಯ ಮೇಲುಗಡೆಯಿಂದ ಬರುತ್ತದೆ. ಮೇಲಿನ ಮನೆಗಳವರು ಹಿಡಿದು ಮುಗಿಸುವಷ್ಟರಲ್ಲಿ ಕೆಳಗಿನವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಬೇಸಿಗೆಯಲ್ಲಂತೂ ಆಮಿನಮ್ಮನ ನಲ್ಲಿ ಗೊರಗೊರ ಅಂದು ಗಾಳಿ ಬಿಟ್ಟು ಸುಮ್ಮನಾಗುತ್ತಿತ್ತು. ಆಗ ಅವಳು ಸೊಂಟಕ್ಕೆ ಬಿಂದಿಗೆ ಇಟ್ಟುಕೊಂಡು, ತಿರುಮಲಮ್ಮನ ಮನೆ ದಾಟಿ, ಬೀದಿಯ ಮೇಲಿನ ತುದಿಯಲ್ಲಿ ಎಲ್ಲರಿಗೂ ಅಂತ ಕಟ್ಟಿಸಿದ್ದ ನೀರಿನ ತೊಟ್ಟಿಗೆ, ಅಂದರೆ ತೊಂಬೆಗೆ, ಹೋಗಿ ಹಿಡಿದು ತರುತ್ತಿದ್ದಳು. ತನ್ನ ಹಂಡೆ ಖಾಲಿ ಮಾಡಿ ಮತ್ತೆ ತುಂಬಿಸುವ ಹೊತ್ತಿನಲ್ಲೇ ಕೆಳಗಿನ ಮನೆಯ ಪಾಲಿನ ನೀರು ತೀರುತ್ತದೆ ಅನ್ನುವುದು ತಿರುಮಲಮ್ಮನಿಗೆ ಹೊಳೆದಿತ್ತೇ? ಹೊಳೆದಿರಲಿಲ್ಲ. ಮೇಲಿನ ಮನೆಯವರಿಗೆ ಇಂಥದ್ದೆಲ್ಲ ಸುಲಭಕ್ಕೆ ಹೊಳೆಯುವುದಿಲ್ಲ.

ಯುಗಾದಿ ಕಳೆದು ಬಿಸಿಲು ಏರಿದ್ದ ದಿನಗಳು. ಅವತ್ತು ನೀರು ಬರುವ ದಿನ. ತಿರುಮಲಮ್ಮ ಬಿಂದಿಗೆಗಳನ್ನು ಸುರಿದು, ಹಂಡೆಯನ್ನು ಬಗ್ಗಿಸಿ ಅದರ ನೀರನ್ನೂ ಹರಿಬಿಟ್ಟು, ಪಾತ್ರೆ ತಿಕ್ಕಲು ಒಳಗೆ ಹೋಗಿದ್ದಳು. ಹೊರಗೆ ಬಿಂದಿಗೆ ಬಿದ್ದ ಸದ್ದು ಕೇಳಿಸಿತು. ಟಣ್ ಟಣ್ ಅಂತ ಇಳಿಜಾರಿನುದ್ದಕ್ಕೂ ಉರುಳಿಕೊಂಡು ಹೋದ ಸದ್ದು. ಬಂದು ನೋಡಿದರೆ, ಬಾಗಿಲಿಂದ ಸ್ವಲ್ಪ ಕೆಳಗೆ, ಹೊಂಗೆಮರದ ನೆರಳಿನಲ್ಲಿ ಬಿಸಿಲು ತಾಗದೆ ಪಾಚಿ ಕಟ್ಟಿದ್ದ ಚಪ್ಪಡಿಯ ಮೇಲೆ ಆಮಿನಮ್ಮ ಬಿದ್ದಿದ್ದಳು. ಒಂದು ಕಾಲು ಅಡ್ಡಡ್ಡ ತಿರುಗಿತ್ತು. ಬಿಂದಿಗೆಯಲ್ಲಿ ನೀರಿತ್ತೋ, ಚೆಲ್ಲಿತೋ, ಯಾರೂ ನೋಡಲಿಲ್ಲ. ಬೀದಿ ಹೇಗೂ ತೋಯ್ದಿತ್ತು. ತೊಂಬೆಯಿಂದ ತುಂಬಿಸಿಕೊಂಡು ಇಳಿಯುವಾಗ ಜಾರಿದಳು ಅಂತ ಎಲ್ಲರೂ ಅಂದುಕೊಂಡರು.

ನಯಾಜ್ ಕೈಗೆಲ್ಲ ಗ್ರೀಸು ಮೆತ್ತಿಕೊಂಡೇ ಓಡಿಬಂದ. ಮಂಡ್ಯದ ಆಸ್ಪತ್ರೆಗೆ ಸಾಗಿಸಿದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡು ಹಾಕಿ, ಈ ವಯಸ್ಸಿಗೆ ಮೊದಲಿನಂತೆ ನಡೆದಾಡುವ ಭರವಸೆ ಕೊಡಲಾರೆವು ಅಂದರು ಡಾಕ್ಟರು.

ಅವ್ವನನ್ನು ಮನೆಗೆ ಕರೆತಂದ ದಿನ ನಯಾಜ್ ತಿರುಮಲಮ್ಮನ ಬಾಗಿಲಿಗೆ ಬಂದು ನಿಂತ. ಮೆಟ್ಟಿಲು ಹತ್ತಲಿಲ್ಲ.

"ಅಮ್ಮೋರೇ, ಜಗಳಕ್ಕೆ ಬಂದಿಲ್ಲ ನಾನು. ನಮ್ಮವ್ವ ಬಿದ್ದಿದ್ದು ನೀವು ಉಯ್ದ ನೀರಲ್ಲಿ. ಇನ್ಮ್ಯಾಕೆ ಬೀದಿಗೆ ಉಯ್ಬ್ಯಾಡಿ. ಅಷ್ಟೇ ಕೇಳ್ಕಳದು."

"ಆಯ್ತಪ್ಪ," ಅಂದಳು ತಿರುಮಲಮ್ಮ.

ಮಾತಿಗೆ ತಪ್ಪಲಿಲ್ಲ, ಬೀದಿಗೆ ಹಾಕಲಿಲ್ಲ. ಮುಂದಿನ ಸಲ ನೀರು ಬಂದಾಗ ಹಿತ್ತಲಿಗೆ ಸುರಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಬೀದಿಗೆ ಬೇಡ ಅಂದ, ಹಿತ್ತಲಿಗೆ ಬೇಡ ಅನ್ನಲಿಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಿಮೆಂಟಿನ ಮೇಲೆ ಬಿದ್ದ ನೀರು ಗೋಡೆಯ ಬುಡದ ತೂತಿನಿಂದ ನುಸುಳಿ, ಸುತ್ತು ಹಾಕಿ, ಅದೇ ಬೀದಿಯ ಚರಂಡಿಗೆ ಇಳಿಯಿತು. ಮೇಧಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಪಾಠ ಹೇಳಲಿಲ್ಲ. ಸುಮ್ಮನೆ ಒಳಗೆ ಹೋದಳು. ಸೊಸೆ ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು ಅಂತ ತಿರುಮಲಮ್ಮನಿಗೆ ಅನ್ನಿಸಿತು.

ಜಗುಲಿ ಬಿಕೋ ಅನ್ನುತ್ತಿತ್ತು. ಗೂಡಿನಲ್ಲಿದ್ದ ಸ್ಟೀಲ್ ಲೋಟದ ಮೇಲೆ ಧೂಳು ಕೂತಿತ್ತು. ಹೋಗಿ ನೋಡಬೇಕು, ಇವತ್ತು ಹೋಗಬೇಕು, ನಾಳೆ ಹೋಗಬೇಕು ಅಂತ ದಿನ ದೂಡಿದಳು. ಯಾವ ಮುಖ ಇಟ್ಟುಕೊಂಡು ಹೋಗುವುದು? ಆಮಿನಾ ಇನ್ನು ಮಾತಾಡದೆ ಹೋದರೆ? ಆ ಹೆದರಿಕೆಯಲ್ಲಿ ಅನ್ನವೂ ಸೇರುತ್ತಿರಲಿಲ್ಲ.

ಕೊನೆಗೆ ಒಂದು ನೀರು ಬಂದ ದಿನ, ಹಿತ್ತಲಿಗೆ ಹಳೆಯದನ್ನು ಸುರಿದು, ಹೊಸ ನೀರನ್ನು ಬೆಳಗಿದ ಬಿಂದಿಗೆಗೆ ತುಂಬಿ, ಸೊಂಟಕ್ಕೆ ಇಟ್ಟುಕೊಂಡು ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ನಡೆದಳು. ಹೊಂಗೆಮರದ ಕೆಳಗೆ ಬಂದಾಗ ಕಾಲು ತಾನಾಗಿ ಅಳುಕಿತು. ಪಾಚಿ ಒಣಗಿ ಕರ್ರಗಾಗಿತ್ತು. ಪಕ್ಕದ ಗೋಡೆ ಹಿಡಿದುಕೊಂಡು ದಾಟಿದಳು. ಆಮಿನಮ್ಮ ವರ್ಷಗಟ್ಟಲೆ ತುಂಬಿದ ಬಿಂದಿಗೆ ಹೊತ್ತು ನಡೆದದ್ದು ಇದೇ ಕಲ್ಲಿನ ಮೇಲೆ ಅನ್ನುವುದು ಆಗ ಕಾಲಿಗೆ ತಿಳಿಯಿತು.

ಬಾಗಿಲು ತೆಗೆದವಳು ನಯಾಜನ ಹೆಂಡತಿ ತಹಸೀನ್. ನಡುಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಮಂಚ ಹಾಕಿದ್ದರು. ಆಮಿನಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಬನ್ನಿ ಅಮ್ಮೋರೇ. ದಾರಿಗೀರಿ ತಪ್ಪಿ ಬಂದ್ರಾ?"

ಅವಳು ಮಾತಾಡಿದ್ದೇ ಸಾಕಾಗಿ ತಿರುಮಲಮ್ಮನ ಕಣ್ಣು ತುಂಬಿತು. ಬಿಂದಿಗೆ ಇಳಿಸಿ ಸ್ಟೂಲಿನ ಮೇಲೆ ಕೂತಳು. "ನೀರು ತಂದೆ ಕಣೆ. ಹೊಸ ನೀರು. ಈಗ ತಾನೇ ಹಿಡಿದಿದ್ದು."

"ಹೊಸದೇ ಆಗ್ಬೇಕಾ?"

"ಹಳೇದನ್ನ ಯಾರಿಗಾದ್ರೂ ಕೊಡ್ತಾರೇನೇ? ನಿನಗೆ ತಂಗಳು ಕೊಟ್ಟು ಪಾಪ ಕಟ್ಕೊಳ್ಳಲಾ?"

ಆಮಿನಮ್ಮ ದಿಂಬಿನ ಮೇಲೆ ತಲೆಯನ್ನು ಆಕೆಯತ್ತ ತಿರುಗಿಸಿದಳು. "ಅಮ್ಮೋರೇ, ಅವತ್ತು ನಾನು ತೊಂಬೆತಾವ್ಲಿಂದ ಬತ್ತಿದ್ದೆ ಅಂತ ಎಲ್ರೂ ತಿಳ್ಕಂಡವ್ರೆ. ತೊಂಬೇಲಿ ಅವತ್ತು ನೀರೇ ಇರ್ನಿಲ್ಲ. ನಾನು ಓಯ್ತಿದ್ದುದು ನಿಮ್ಮನೆಗೆ. ಖಾಲಿ ಬಿಂದ್ಗೆ ಇಟ್ಕಂಡು."

"ನಮ್ಮನೆಗಾ?"

"ಊಂ. ನೀವು ಬಿಂದ್ಗೆ ಸುರೀತಿದ್ರಿ, ಇಲ್ಲಿಂದ ಕಾಣ್ತಿತ್ತು. ಅಂಡೆ ಬಗ್ಗುಸೋಕೆ ಮುಂಚೆ ಓಗಿ, ಚೆಲ್ಲೋ ನೀರ್ನ ಇದಕ್ಕೆ ಉಯ್ದುಬುಡಿ ಅಂತ ಕೇಳವ ಅನ್ಕಂಡೆ. ಇಷ್ಟು ವರ್ಸ ಕೇಳಿರ್ನಿಲ್ಲ. ಇವತ್ತು ಕೇಳೇಬುಡವ, ಅಮ್ಮೋರತ್ರ ಏನು ನಾಚ್ಕೆ ಅಂತ ಬಂದೆ. ನಾ ಬರೋಕೆ ಮುಂಚೆ ಅಂಡೆ ನೀರೇ ನನ್ ಕಾಲಡೀಗೆ ಬಂದ್ಬುಡ್ತು."

ತಹಸೀನ್ ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೂ ಇದು ಹೊಸ ಮಾತು.

"ಕೇಳಿದ್ರೆ ಕೊಡ್ತಿದ್ರಾ ಅಮ್ಮೋರೇ?" ಅಂದಳು ಆಮಿನಮ್ಮ. ಚುಚ್ಚಿ ಕೇಳಲಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದಳು.

ಕೊಡದೆ ಇರ್ತಿದ್ನಾ ಅನ್ನುವ ಮಾತು ತಿರುಮಲಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಬೆಳಗು ಕಣ್ಣಿಗೆ ಕಟ್ಟಿತು. ಆಮಿನಾ ಬಾಗಿಲಲ್ಲಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಾಳೆ. ತಾನು ಏನನ್ನುತ್ತಿದ್ದೆ? ಅಯ್ಯೋ, ನಿನಗೆ ಹಳೇದು ಕೊಡ್ತಾರೇನೇ, ಇರು, ಹೊಸದು ಬರಲಿ ಅನ್ನುತ್ತಿದ್ದೆ. ಅಂದು, ಹಂಡೆಯಷ್ಟು ನೀರನ್ನು ಅವಳ ಕಾಲ ಹತ್ತಿರವೇ ಸುರಿಯುತ್ತಿದ್ದೆ. ಅದೂ ಪ್ರೀತಿಯಿಂದ. ಆ ಪ್ರೀತಿ ನೆನೆದು ಆಕೆಗೆ ಮೈಯೆಲ್ಲ ಹಿಡಿಯಾಯಿತು.

"ಇಲ್ಲ ಕಣೆ," ಅಂದಳು. "ಕೊಡ್ತಿರಲಿಲ್ಲ. ನಿನ್ನ ಕಣ್ಣೆದುರಿಗೇ ಚೆಲ್ಲಿ, ಹೊಸದು ಬರೋವರೆಗೂ ನಿನ್ನ ನಿಲ್ಲಿಸ್ತಿದ್ದೆ."

"ಗೊತ್ತಿತ್ತು ಬುಡಿ. ಅದ್ಕೇ ಇಷ್ಟು ವರ್ಸ ಬರ್ನಿಲ್ಲ."

ಹೊರಗೆ ಯಾರದೋ ನಲ್ಲಿ ಗೊರಗೊರ ಅನ್ನುತ್ತಿತ್ತು. ತಿರುಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಡಿಗೆಮನೆಯ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಡಕೆ ಕಾಣುತ್ತಿತ್ತು.

"ತಹಸೀನ್, ಆ ಮಡಕೇಲಿರೋದು ಯಾವತ್ತಿನ ನೀರಮ್ಮ?"

ತಹಸೀನ್ ಅತ್ತೆಯ ಮುಖ ನೋಡಿದಳು. "ಶುಕ್ರವಾರದ್ದು. ತೊಂಬೇದು."

ಅವತ್ತು ಮಂಗಳವಾರ.

"ಒಂದು ಲೋಟ ಕೊಡು."

"ನೀವು ತಂದಿರೋದ್ರಲ್ಲೇ ಕೊಡ್ಲಾ ಅಮ್ಮೋರೇ?"

"ಬೇಡಮ್ಮ. ಮಡಕೇದೇ ಕೊಡು."

ಲೋಟ ಕೈಗೆ ಬಂತು. ಮದುವೆಯಾಗಿ ಬಂದಾಗಿನಿಂದ ಹಿಡಿದುಕೊಂಡು ಬಂದ ಮಡಿಯೆಲ್ಲ ಆ ಲೋಟಕ್ಕೆ ಅಡ್ಡ ಕೂತಿತ್ತು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು ಕಾದಳು. ವಾಸನೆ ಬರುತ್ತದೆ ಅಂದುಕೊಂಡಿದ್ದಳು, ಹೊಟ್ಟೆ ತೊಳಸುತ್ತದೆ ಅಂದುಕೊಂಡಿದ್ದಳು. ಏನೂ ಆಗಲಿಲ್ಲ. ತಣ್ಣಗಿತ್ತು. ಇನ್ನೊಂದು ಗುಟುಕು ಕುಡಿದಳು. ಒಂದಿಷ್ಟು ಕಹಿಯಾದರೂ ಇದ್ದಿದ್ದರೆ, ಒಂದಿಷ್ಟು ನಾತವಾದರೂ ಇದ್ದಿದ್ದರೆ, ಇಷ್ಟು ವರ್ಷ ಚೆಲ್ಲಿದ್ದಕ್ಕೆ ಒಂದು ಅರ್ಥ ಇರುತ್ತಿತ್ತು. ಆಮಿನಾಳ ಈ ಮುರಿದ ಸೊಂಟಕ್ಕೂ ಒಂದು ಕಾರಣ ಇರುತ್ತಿತ್ತು. ತಿರುಮಲಮ್ಮ ಲೋಟ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

"ಯಾಕಮ್ಮೋರೇ, ವಾಸ್ನೆ ಬತ್ತದಾ?"

"ಇಲ್ಲ ಕಣೆ. ನೀರು. ಬರೀ ನೀರು."

ಆಮಿನಮ್ಮ ಮೊಣಕೈ ಊರಿ ಕಷ್ಟಪಟ್ಟು ಸ್ವಲ್ಪ ಎದ್ದು, ಆಕೆಯ ಕೈಯಿಂದ ಲೋಟ ಈಸಿಕೊಂಡಳು. ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅದನ್ನು ಚೆಲ್ಲದೆ ತಾನು ಕುಡಿದಳು.