ಗಾನವಿಯ ನೂರಾ ಎಪ್ಪತ್ತೇಳು

ಸುನೀತಾ ನಮ್ಮ ಪ್ರೌಢಶಾಲೆಯ ಗಣಿತದ ಅತಿಥಿ ಶಿಕ್ಷಕಿ. ಎಂಟು ವರ್ಷವಾದರೂ ಅತಿಥಿಯೇ. ಇಷ್ಟು ದಿನ ಉಳಿದ ನೆಂಟರನ್ನು ಯಾರಾದರೂ ಮನೆಯವರೆಂದೇ ಎಣಿಸುತ್ತಾರೆ. ಸೋಸಲೆಯಿಂದ ಹೊರಟು, ನರಸೀಪುರದಲ್ಲಿ ಬಸ್ಸು ಬದಲಿಸಿ, ಮೂಗೂರು ದಾಟಿ, ಪ್ರಾರ್ಥನೆಯ ಗಂಟೆಗೆ ಮುಂಚೆಯೇ ಬಂದಿರುತ್ತಿದ್ದಳು.

ಅವಳು ಸೂತ್ರವನ್ನು ಮೊದಲು ಬೋರ್ಡಿನ ಮೇಲೆ ಬರೆದವಳೇ ಅಲ್ಲ. ಬಳೆ, ತಟ್ಟೆ, ಸೈಕಲ್ ಚಕ್ರಕ್ಕೆಲ್ಲ ದಾರ ಸುತ್ತಿಸಿ, "ಅಳೆದು ನೋಡು" ಅನ್ನುತ್ತಾ, ಕೊನೆಗೆ ಮಕ್ಕಳ ಬಾಯಿಂದಲೇ ನಿಯಮ ಹೊರಡಿಸುತ್ತಿದ್ದಳು. ಬಿ.ಎಡ್. ಪುಸ್ತಕದಲ್ಲಿ ಇದಕ್ಕೆ ಅನುಗಮನ ಪದ್ಧತಿ ಎಂದು ಹೆಸರು. ಹೆಡ್ಮಾಸ್ಟರ್ ಮಹಾದೇವಸ್ವಾಮಿಯವರದು ನಿಗಮನ: ಮೊದಲು ಸೂತ್ರ, ಆಮೇಲೆ ಲೆಕ್ಕ. ಅದರಲ್ಲೂ ತಪ್ಪೇನಿಲ್ಲ, ಕನ್ನಡ ವ್ಯಾಕರಣವನ್ನು ನಾನು ಕಲಿಸಿದ್ದೂ ಹಾಗೆಯೇ. ಎರಡನ್ನೂ ಕಲಸಿ ನಾಟಕ ಆಡಿಸಿದರಲ್ಲ, ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಗಣಿತದ ಪರಿವೀಕ್ಷಕರು ಬರುವ ಸುದ್ದಿ ಬಂತು. ಅವರಿಗೆ ಚಟುವಟಿಕೆಯ ಪಾಠವೇ ಬೇಕಂತೆ. ಹೆಡ್ಮಾಸ್ಟರು ಸುನೀತಾಳನ್ನು ಕರೆದರು.

"ನೋಡಮ್ಮ, ಎಂಟನೇ ಕ್ಲಾಸಿಗೆ ತ್ರಿಭುಜದ ಪಾಠ ಇವತ್ತೇ ಮಾಡ್ಬುಡು. ಯಾವ್ಯಾವ ಕೋನ ಎಷ್ಟು ಅಂತ ಬರೆಸ್ಬುಡು. ನಾಳೆ ಮಕ್ಳು ಅಳೆದಂಗೆ ಮಾಡಿ, ಮೂರೂ ಕೋನ ಕೂಡಿ ಎಲ್ರೂ ನೂರೆಂಬತ್ತು ಅನ್ಲಿ. ಚೆನ್ನಾಗಿ ಆದ್ರೆ ಮುಂದಿನ ವರ್ಷಾನೂ ನೀನೇ. ಇಲ್ದಿದ್ರೆ ನಂಜನಗೂಡಿಂದ ಒಬ್ರು ಅರ್ಜಿ ಹಾಕ್ಕೊಂಡು ಕೂತವ್ರೆ."

"ಉತ್ತರ ಮುಂಚೇನೇ ಕೊಟ್ರೆ ಅಳೆಯೋದ್ಯಾಕೆ ಸಾರ್?"

ಅವರು ಫೈಲಿನಿಂದ ತಲೆ ಎತ್ತಲಿಲ್ಲ. ಸುನೀತಾ ಹೋಗಿ ಬರೆಸಿದಳು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಹೆಡ್ಮಾಸ್ಟರು, ಬಾಗಿಲ ಬಳಿ ನಾನು. ಮಕ್ಕಳು ತ್ರಿಭುಜ ಬರೆದು, ಕೋನಮಾಪಕ ಇಟ್ಟು, ಬಗ್ಗಿ ನೋಡಿ, ಒಬ್ಬೊಬ್ಬರೇ ಎದ್ದು ಹೇಳಿದರು. ನೂರೆಂಬತ್ತು. ನೂರೆಂಬತ್ತು. ಹದಿನೈದು ಮಕ್ಕಳದೂ ಅದೇ ಉತ್ತರ. ಪರಿವೀಕ್ಷಕರ ಪೆನ್ನು ನಿಂತಿತು.

ಆಗ ಗಾನವಿ ಎದ್ದಳು. ಮನೆಯ ಹಸು ಕರು ಹಾಕಿತೆಂದು ಹಿಂದಿನ ದಿನ ಅವಳು ಶಾಲೆಗೇ ಬಂದಿರಲಿಲ್ಲ. ಅದು ನಮಗ್ಯಾರಿಗೂ ನೆನಪಾಗಿರಲಿಲ್ಲ.

"ನಂದು ನೂರಾ ಎಪ್ಪತ್ತೇಳು ಬತ್ತದೆ ಮಿಸ್."

ಹೆಡ್ಮಾಸ್ಟರು ಕೆಮ್ಮಿದರು.

"ಇನ್ನೊಂದ್ಸಲ ಅಳೆದು ನೋಡು" ಎಂದಳು ಸುನೀತಾ.

ಹುಡುಗಿ ಮತ್ತೆ ಅಳೆದಳು. ಅಷ್ಟೇ ಬಂತು. ಅಕ್ಕಪಕ್ಕದವರ ಪುಸ್ತಕ ಇಣುಕಿದಳು, ಎಲ್ಲದರಲ್ಲೂ ನೂರೆಂಬತ್ತು. ಕಣ್ಣು ತುಂಬಿಕೊಂಡು ರಬ್ಬರ್ ತೆಗೆದಳು.

ಸುಮ್ಮನಿದ್ದಿದ್ದರೆ ಸುನೀತಾಳ ಕೆಲಸ ಉಳಿಯುತ್ತಿತ್ತು. ಅವಳು ಎರಡೇ ಹೆಜ್ಜೆಗೆ ಬಂದು ಗಾನವಿಯ ಕೈ ಹಿಡಿದಳು.

"ಅಳಿಸ್ಬೇಡ. ಇಲ್ಲಿ ನಿಜವಾಗಿ ಅಳೆದಿರೋಳು ನೀನೊಬ್ಳೇ."

ಆಮೇಲೆ ಪರಿವೀಕ್ಷಕರತ್ತ ತಿರುಗಿದಳು. "ಸಾರ್, ಉಳಿದವ್ರಿಗೆ ನಿನ್ನೇನೇ ಉತ್ತರ ಬರೆಸಿದ್ದೆ. ಪೆನ್ಸಿಲ್ ಗೆರೆ ದಪ್ಪ ಆದ್ರೆ, ಮಾಪಕ ಸ್ವಲ್ಪ ಜರುಗಿದ್ರೆ, ಎರಡು ಮೂರು ಡಿಗ್ರಿ ಹೆಚ್ಚುಕಮ್ಮಿ ಬಂದೇ ಬರುತ್ತೆ."

ಅವಳು ಗಾನವಿಯ ತ್ರಿಭುಜವನ್ನು ಇನ್ನೊಂದು ಕಾಗದಕ್ಕೆ ಇಳಿಸಿ, ಕತ್ತರಿಸಿ, ಮೂರು ಮೂಲೆ ಹರಿದು, ತುದಿಗೆ ತುದಿ ಸೇರಿಸಿ ಮೇಜಿನ ಮೇಲೆ ಜೋಡಿಸಿದಳು. ಕೆಳಗೆ ಸ್ಕೇಲಿಟ್ಟಂತೆ ನೇರ ಗೆರೆ ಕೂತಿತು.

"ಅಂಗಾರೆ ನೂರೆಂಬತ್ತೇ ಮಿಸ್!" ಗಾನವಿ ಕೂಗಿಬಿಟ್ಟಳು. ಉಳಿದವರೂ ಪುಸ್ತಕದ ಹೊಸ ಹಾಳೆ ತಿರುಗಿಸಿ ಅಳೆಯಲು ಕೂತರು.

ಪರಿವೀಕ್ಷಕರು ಬರೆದದ್ದು ಒಂದೇ ಸಾಲು: ಪಾಠ ಮುಂಚೆಯೇ ಹೇಳಿಕೊಟ್ಟದ್ದು, ಮುಖ್ಯ ಶಿಕ್ಷಕರು ಕಾರಣ ಕೊಡತಕ್ಕದ್ದು. ಕಾರಣ ಕೊಟ್ಟವರು ಕುರ್ಚಿಯಲ್ಲೇ ಉಳಿದರು. ನಾಳೆಯಿಂದ ಬರಬೇಡವೆಂಬ ಮಾತು ಬಿದ್ದದ್ದು ಸುನೀತಾಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವಳು ಹಾಜರಿ ಪುಸ್ತಕ ಒಪ್ಪಿಸಿ ಹೊರಟಾಗ ನಾನೂ ಗೇಟಿನವರೆಗೆ ಹೋದೆ. ಗಾನವಿ ಅಲ್ಲಿ ಕಾಯುತ್ತಿದ್ದಳು.

"ನಾನೂ ನೂರೆಂಬತ್ತು ಅಂದಿದ್ರೆ ನೀವು ಇರ್ತಿದ್ರಿ ಅಲ್ವಾ ಮಿಸ್?"

ಸುನೀತಾ ಅವಳ ಜಡೆ ನೇವರಿಸಿದಳು.

"ಇರ್ತಿದ್ದೆ ಕಣೇ. ಆದ್ರೆ ನಿಂಗೆ 'ಅಳೆದು ನೋಡು' ಅನ್ನೋಕೆ ನಂಗೆ ಬಾಯಿರ್ತಿರ್ಲಿಲ್ಲ."