ಉಸ್ತಾದರ ನಕ್ಷೆ ಉಲ್ಟಾ ಆದ ದಿನ

೧೯೯೨ರಲ್ಲಿ, ಏಳನೆಯ ತರಗತಿಯ ನಡುವೆಯೇ ನಾನು ಶಾಲೆ ಬಿಟ್ಟೆ. ಕಲಿತದ್ದೆಲ್ಲ ಆಮೇಲೆ, ಗಜೇಂದ್ರಗಡದ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ. ಮೊನ್ನೆ ಮಗಳು ಪಕ್ಕದಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಅಂಗಡಿ, ಅದರ ಉಸ್ತಾದರು...

ಉಸ್ತಾದರು ತಾಮ್ರದ ಹಾಳೆ ಅಂಟಿಸಿದ ಬೋರ್ಡಿನ ಮೇಲೆ ಸರ್ಕ್ಯೂಟಿನ ದಾರಿಗಳನ್ನು ನೇಲ್ ಪಾಲಿಶ್‌ನಿಂದ ಬರೆಯುತ್ತಿದ್ದರು. ಬಣ್ಣ ಹಚ್ಚಿದಲ್ಲಿ ತಾಮ್ರ ಉಳಿಯುತ್ತಿತ್ತು, ಮಿಕ್ಕದ್ದನ್ನು ಆಸಿಡ್ ತಿನ್ನುತ್ತಿತ್ತು. ಆ ಸೀಸೆ ಕೊಳ್ಳಲು ಹೋದಾಗ ಬಳೆ ಅಂಗಡಿಯವನು ಪ್ರತಿ ಸಲ ಕೆಣಕುತ್ತಿದ್ದ: “ಏನ್ರಿ ಉಸ್ತಾದ್ರ, ಈ ವಯಸ್ಸಿನ್ಯಾಗ ಕೆಂಪ ಬಣ್ಣಾನ ಬೇಕೇನ್ರಿ?”

“ನನಗಲ್ಲೋ ಮಾರಾಯಾ, ಎರಡನೇ ಹೆಂಡ್ತಿಗೆ,” ಎಂದು ಕೈಯಲ್ಲಿದ್ದ ಬೋರ್ಡು ತೋರಿಸುತ್ತಿದ್ದರು.

ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೂ ಹೊಲದ ಮೋಟರು ಸುಟ್ಟುಹೋಗುತ್ತದೆ. ಸುಡುವ ಮೊದಲೇ ಮೋಟರನ್ನು ನಿಲ್ಲಿಸುವ ಬೋರ್ಡೊಂದನ್ನು ಅವರೇ ತಲೆ ಓಡಿಸಿ ಮಾಡಿದ್ದರು. ಪಕ್ಕದ ರಾಜೂರಿನ ಅರ್ಧ ಮೋಟರುಗಳಿಗೆ ಅದೇ ಕಾವಲು. ೨೦೦೫ರಲ್ಲಿ ಹುಬ್ಬಳ್ಳಿಯ ಕಾರ್ಖಾನೆಯೊಂದರ ಎಂಜಿನಿಯರು ಅದನ್ನು ಕಂಡು ಬೆರಗಾದರು. ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಬಳಸುವವರೆಲ್ಲ ಹುಬ್ಬಳ್ಳಿಯಲ್ಲಿ ಸೇರುವುದಿತ್ತು. ಆ ಸಾಫ್ಟ್‌ವೇರಿನಲ್ಲಿ ಇದೇ ಬೋರ್ಡನ್ನು ಬರೆದು, ಅಲ್ಲಿ ಎಲ್ಲರೆದುರು ಚಾಲೂ ಮಾಡಿ ತೋರಿಸಬೇಕು. ನಡೆದರೆ ಉಸ್ತಾದರ ಹೆಸರಿನಲ್ಲೇ ಕಾರ್ಖಾನೆ ಅದನ್ನು ತಯಾರಿಸುತ್ತದೆ ಎಂದರು.

ಉಸ್ತಾದರು ಕಂಪ್ಯೂಟರ್ ಮುಟ್ಟಿದವರಲ್ಲ. ನಾನು ನರಗುಂದಕ್ಕೆ ಹೋಗಿ ಮೂರು ತಿಂಗಳು ಕಲಿತು ಬಂದಿದ್ದೆ. ನೆಲ ಕಾಣುತ್ತಿರಲಿಲ್ಲ ನನಗೆ. ಅವರ ನಕ್ಷೆಯನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸಿದೆ.

“ಒಮ್ಮೆ ಹಾಳಿ ಬೆಳಕಿಗೆ ಹಿಡದು ಹಿಂದಿಂದ ನೋಡೋ ತಮ್ಮಾ.”

“ಅದೆಲ್ಲಾ ನಿಮ್ಮ ಕಾಲಕ್ಕಾತ್ರಿ ಉಸ್ತಾದ್ರ. ಕಂಪ್ಯೂಟರ್ ನೋಡ್ಕೊತೈತಿ ಬಿಡ್ರಿ.”



ಉಸ್ತಾದರು ಬರೆಯುತ್ತಿದ್ದದ್ದು ಬೋರ್ಡಿನ ಕೆಳಗಿನ, ತಾಮ್ರದ ಬದಿಯಿಂದ. ಸಾಫ್ಟ್‌ವೇರ್ ನೋಡುವುದು ಬಿಡಿಭಾಗ ಕೂರಿಸುವ ಮೇಲಿನ ಬದಿಯಿಂದ. ಇದು ನನಗೆ ಹೊಳೆದದ್ದು, ಕಾರ್ಖಾನೆಯಿಂದ ಅಂದೇ ಬೆಳಗ್ಗೆ ತಯಾರಾಗಿ ಬಂದ ಬೋರ್ಡಿನಿಂದ ಹುಬ್ಬಳ್ಳಿಯ ಸಭೆಯ ನಡುವೆ ಹೊಗೆ ಎದ್ದಾಗ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗಿತ್ತು.

ಹಿಂದೆ ಯಾರೋ ನಕ್ಕರು. “ಯಾರ ತಪ್ಪರಿ ಇದು?” ಎಂಜಿನಿಯರು ಕೇಳಿದರು. ನಾನು ತಲೆ ತಗ್ಗಿಸಿ ವೈರು ಬಿಚ್ಚತೊಡಗಿದೆ. ಉಸ್ತಾದರು ಟೋಪಿ ಸರಿ ಮಾಡಿಕೊಂಡು ಎದ್ದು ನಿಂತರು.

“ನಂದರಿ ಸಾಹೇಬ್ರ. ನಾನ ಉಲ್ಟಾ ಬರದು ಕೊಟ್ಟೇನಿ. ನಮ್ಮ ಹುಡುಗ ಇದ್ದದ್ದು ಇದ್ದಂಗ ಇಳಿಸ್ಯಾನ.”

ಮರಳುವಾಗ ಬಸ್ಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ, “ನನ್ನ ಕಸುಬು ಮಂದಿಗೆ ಗೊತ್ತೈತೋ, ಒಂದು ಸುಟ್ರ ಏನಾತು? ನಿಂದ ಇನ್ನ ಸುರು ಆಗಬೇಕು,” ಎಂದರು. 

ಮಂದಿ ಹಾಗೆ ತಿಳಿಯಲಿಲ್ಲ. ಹುಬ್ಬಳ್ಳಿಯ ಸುದ್ದಿ ಹಬ್ಬಿ, ವಾರ ಕಳೆಯುವುದರಲ್ಲಿ ರಾಜೂರಿನವರು ಒಬ್ಬೊಬ್ಬರಾಗಿ ಬೋರ್ಡು ಬಿಚ್ಚಿ ತಂದರು. “ಬ್ಯಾಡ್ರಿ, ನಮ್ಮ ಮೋಟರ್ ಸುಟ್ಟೀತು,” ಎಂದರು. ಅವು ಕೈಯಿಂದ ಬರೆದವು, ಒಂದರಲ್ಲೂ ತಪ್ಪಿರಲಿಲ್ಲ. ತಪ್ಪು ನನ್ನದೆಂದು ನಾನೊಬ್ಬ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮುಂದಿನ ತಿಂಗಳು ಅದೇ ಎಂಜಿನಿಯರು ನನಗೆ ನಕ್ಷೆ ಇಳಿಸುವ ಕೆಲಸ ಕೊಟ್ಟರು, ಹೋದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುವುದರಲ್ಲಿ ಎರಡು ವರ್ಷ... ಉಸ್ತಾದರು ತೀರಿಕೊಂಡರು. ಅವರ ಮಣ್ಣಿಗೂ ತಡವಾಗಿ ಹೋಗಿ ಮುಟ್ಟಿದೆ.

ಈಗ ನರಗುಂದದಲ್ಲಿ ನನ್ನದೇ ಅಂಗಡಿ ಇದೆ. ಮೂರು ಕಂಪ್ಯೂಟರು, ಐದು ಜನ ಕೆಲಸಗಾರರು. ನನ್ನ ಹೆಸರು ಹೊತ್ತ ಬೋರ್ಡು ಹನ್ನೊಂದು ಬಗೆಯವು. ಉಸ್ತಾದರ ಹೆಸರಿನದು ಒಂದೂ ಇಲ್ಲ.